ಮನೆಯಂಗಳದಲ್ಲಿ ಬ್ರೇಕ್ ರಿಪೇರಿ: ಎಲ್ಲಿಯ ತನಕ?

ಘಾಟಿಯಲ್ಲಿ ಕಾರು ಉರುಳಿದರೆ ಮರುದಿನದ ಸುದ್ದಿಯಲ್ಲಿ ‘ಬ್ರೇಕ್ ಫೇಲ್ ಆದ ಪರಿಣಾಮ’ ಎಂಬ ಮಾತು ಬಂದೇ ಬರುತ್ತದೆ. ಓದಿದವರೂ ‘ಪಾಪ, ಬ್ರೇಕೇ ಹಿಡೀಲಿಲ್ವಂತೆ’ ಎಂದು ಲೊಚಗುಟ್ಟಿ ಪುಟ ಮಗುಚುತ್ತಾರೆ. ಬ್ರೇಕು ಹಿಡಿಯದೇ ಹೋದದ್ದು ನಿಜವೇ ಇರಬಹುದು. ಆದರೆ ಅದು ಆ ತಿರುವಿನಲ್ಲಿ, ಆ ಕ್ಷಣದಲ್ಲಿ ಹುಟ್ಟಿದ ತೊಂದರೆಯಾಗಿರುವುದು ಕಡಿಮೆ. ಕೈಕೊಡುವ ಮೊದಲು ಬ್ರೇಕು ವಾರಗಟ್ಟಲೆ ಗೊಣಗುತ್ತದೆ, ಕಿರುಚುತ್ತದೆ, ಪೆಡಲ್ಲನ್ನು ದಿನಕ್ಕಿಷ್ಟು ಕೆಳಗಿಳಿಸುತ್ತದೆ. ಹಾಡಿನ ಸದ್ದು ಏರಿಸಿಕೊಂಡು ಕೂತವನಿಗೆ ಮಾತ್ರ ಅದು ಕೇಳುವುದಿಲ್ಲ.

‘ಬ್ರೇಕ್ ಕೆಲಸ ಮನೆಯಲ್ಲೇ ಮಾಡ್ಕೋಬಹುದಾ?’ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಸ್ಪ್ಯಾನರ್ ಸೆಟ್ ತಂದವರು ಒಂದು ಕಡೆ, ಗ್ಯಾರೇಜಿನ ಬಿಲ್ಲು ನೋಡಿ ಬೆಚ್ಚಿದವರು ಇನ್ನೊಂದು ಕಡೆ. ಮಾಡಿಕೊಳ್ಳಬಹುದು ಎಂದೇ ನನ್ನ ಉತ್ತರ. ಆದರೆ ಮನೆಯಲ್ಲಿ ಆಗುವ ರಿಪೇರಿಯಲ್ಲಿ ಮುಕ್ಕಾಲು ಪಾಲು ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಕೆಲಸ. ಅದಕ್ಕೆ ಸ್ಪ್ಯಾನರ್ ಬೇಡ, ಕಾಲು ಸಾಕು. ನಟ್ಟು ಬೋಲ್ಟಿನದು ಉಳಿದ ಕಾಲು ಪಾಲು. ನಮ್ಮವರು ಈ ಲೆಕ್ಕವನ್ನು ತಿರುವುಮುರುವು ಮಾಡಿಕೊಂಡು ನೇರ ಚಕ್ರ ಬಿಚ್ಚಲು ಕೂರುತ್ತಾರೆ.

ಪೆಡಲ್ ಒತ್ತಿದಾಗ ಅದರ ಹಿಂದಿನ ಸರಳು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿ ಹುಟ್ಟಿದ ಒತ್ತಡ ದ್ರವದ ಮೂಲಕ ಸಣ್ಣ ಉಕ್ಕಿನ ಪೈಪುಗಳಲ್ಲಿ ಹಾದು ನಾಲ್ಕೂ ಚಕ್ರ ಮುಟ್ಟುತ್ತದೆ. ಮುಂದಿನ ಚಕ್ರದಲ್ಲಿ ಕ್ಯಾಲಿಪರ್ ಎರಡು ಪ್ಯಾಡುಗಳನ್ನು ತಿರುಗುವ ಡಿಸ್ಕಿಗೆ ಎರಡೂ ಕಡೆಯಿಂದ ಅದುಮುತ್ತದೆ. ಹಿಂದಿನ ಚಕ್ರದಲ್ಲಿ, ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ, ಡ್ರಮ್ಮಿನೊಳಗಿನ ಎರಡು ಶೂಗಳು ಹೊರಕ್ಕೆ ಹಿಗ್ಗಿ ಉಜ್ಜುತ್ತವೆ. ಬ್ರೇಕ್ ಹಾಕಿದೊಡನೆ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಸುಮಾರು ಶೇ 70ರಷ್ಟನ್ನು ಮುಂದಿನ ಚಕ್ರಗಳೇ ಹೊರುತ್ತವೆ. ಮುಂದಿನ ಪ್ಯಾಡು ಎರಡು ಸಲ ಬದಲಾದರೂ ಹಿಂದಿನ ಶೂ ಇನ್ನೂ ಗಟ್ಟಿಯಾಗಿರುವುದು ಇದರಿಂದಲೇ. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು 1921ರಷ್ಟು ಹಿಂದೆಯೇ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಬಂತು. ಡಿಸ್ಕ್ ಬ್ರೇಕಿನ ಜಾಗ್ವಾರ್ 1953ರ ಲೆ ಮಾನ್ಸ್ ರೇಸನ್ನು ಗೆದ್ದ ಮೇಲೆ ಡ್ರಮ್ಮಿನ ಕಾಲ ಮುಗಿಯುತ್ತ ಬಂತು. ಮುಗಿಯಿತು ಎನ್ನಲು ಮಾತ್ರ ನಮ್ಮ ಕಾರುಗಳ ಹಿಂದಿನ ಚಕ್ರಗಳು ಬಿಡುತ್ತಿಲ್ಲ.

ಪೆಡಲ್ಲಿನಿಂದ ಪ್ಯಾಡಿನ ತನಕದ ಈ ಏರ್ಪಾಟಿನಲ್ಲಿ ಗಮನಿಸಬೇಕಾದದ್ದು ಚಲನೆಯ ಅಳತೆ. ಪೆಡಲ್ ಕೆಲವು ಸೆಂಟಿಮೀಟರ್ ಇಳಿದರೆ ಆ ಕಡೆ ಪ್ಯಾಡು ಸರಿಯುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಪೈಪಿನೊಳಗೆ ಸರಿಯುವ ದ್ರವ ಹೆಚ್ಚೆಂದರೆ ಒಂದೆರಡು ಚಹಾ ಚಮಚ. ಇಷ್ಟು ಕಿರಿದಾದ ಲೆಕ್ಕದಲ್ಲಿ ಒಂದು ಗಾಳಿಗುಳ್ಳೆ ನುಸುಳಿದರೂ ವ್ಯವಹಾರ ಕೆಡುತ್ತದೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ಲಿನ ಚಲನೆಯೆಲ್ಲ ಗುಳ್ಳೆ ಅದುಮುವುದರಲ್ಲೇ ಕಳೆದು ಪ್ಯಾಡಿಗೆ ಬೇಕಾದಷ್ಟು ಒತ್ತಡ ತಲುಪುವುದಿಲ್ಲ. ಮೆಕ್ಯಾನಿಕ್‌ಗಳು ‘ಪೆಡಲ್ ಸ್ಪಂಜ್ ಆಗಿದೆ’ ಎನ್ನುವುದು ಈ ಸ್ಥಿತಿಗೆ. ಒಂದು ಸಲ ಒತ್ತಿದರೆ ಆಳಕ್ಕೆ ಹೋಗುತ್ತದೆ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿಯಾಗುತ್ತದೆ. ಹಾಗೆ ಪಂಪ್ ಮಾಡುತ್ತಲೇ ತಿಂಗಳು ದೂಡುವ ಮಹಾನುಭಾವರಿದ್ದಾರೆ. ‘ನಮ್ ಗಾಡಿ ಅಭ್ಯಾಸವೇ ಹಂಗೆ’ ಅಂತ ಬೇರೆ ಹೇಳುತ್ತಾರೆ.

ಪೆಡಲ್ ಒಂದೊಂದು ಕಾಯಿಲೆಗೆ ಒಂದೊಂದು ಬಗೆಯಲ್ಲಿ ವರ್ತಿಸುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಪೆಡಲ್ ಮೇಲೆ ಒಂದೇ ಸಮ ಒತ್ತಡ ಇಟ್ಟು ನೋಡಿ. ಅರ್ಧ ನಿಮಿಷ ಅಲ್ಲೇ ನಿಂತರೆ ಸರಿ. ನಿಧಾನವಾಗಿ ತಳಕ್ಕೆ ಜಾರುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಹೊರಗೆಲ್ಲೂ ದ್ರವದ ಗುರುತು ಸಿಗದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಸವೆದು, ದ್ರವ ಪಿಸ್ಟನ್ನನ್ನು ದಾಟಿ ಹಿಂದಕ್ಕೆ ನುಸುಳುತ್ತಿದೆ ಎಂದರ್ಥ. ಜೋರಾಗಿ ತುಳಿದಾಗ ಈ ಸೀಲು ಹಿಡಿದುಕೊಳ್ಳುತ್ತದೆ, ಮೆಲ್ಲಗೆ ಒತ್ತಿದಾಗ ಬಿಡುತ್ತದೆ. ಹಾಗಾಗಿ ಗ್ಯಾರೇಜಿನವನು ಒಮ್ಮೆ ಬಲವಾಗಿ ತುಳಿದು ‘ಏನೂ ಇಲ್ಲ ಸಾರ್, ಸರಿಯಾಗೇ ಇದೆ’ ಎಂದು ಕಳಿಸುವುದೂ ಉಂಟು.

ಪೆಡಲ್ ಇಳಿಯದೆ ಕಲ್ಲಿನಂತೆ ನಿಂತರೆ ತೊಂದರೆ ದ್ರವದ್ದಲ್ಲ, ಬೂಸ್ಟರಿನದು. ಮಾಸ್ಟರ್ ಸಿಲಿಂಡರಿನ ಹಿಂದೆ ದೊಡ್ಡ ಡಬ್ಬಿಯ ಹಾಗಿರುವುದೇ ಬೂಸ್ಟರು. ಅದು ನಿರ್ವಾತದ ಬಲದಿಂದ ಕಾಲಿಗೆ ಸಹಾಯ ಮಾಡುತ್ತದೆ. ಅದರ ಪರೀಕ್ಷೆಗೆ ಕಾಸು ಖರ್ಚಿಲ್ಲ. ಎಂಜಿನ್ ಆಫ್ ಇದ್ದಾಗ ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಇಟ್ಟು ಎಂಜಿನ್ ಶುರು ಮಾಡಿ. ಪೆಡಲ್ ಕಾಲಿನ ಕೆಳಗೆ ತುಸು ಕುಸಿದರೆ ಬೂಸ್ಟರು ಬದುಕಿದೆ. ಕುಸಿಯದಿದ್ದರೆ ಬೂಸ್ಟರ್ ಹೋಗಿರಬಹುದು, ಅಥವಾ ಎಂಜಿನ್ನಿನಿಂದ ಅದಕ್ಕೆ ಬರುವ ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು. ಬೂಸ್ಟರ್ ಬದಲಿಸಲು ಸಾವಿರಾರು ರೂಪಾಯಿ, ಪೈಪಿಗೆ ಅದರ ಸಣ್ಣದೊಂದು ಪಾಲು. ಗ್ಯಾರೇಜಿಗೆ ಹೋಗುವ ಮೊದಲು ಬಾನೆಟ್ ಎತ್ತಿ ಆ ಪೈಪಿನ ಮೇಲೆ ಬೆರಳಾಡಿಸುವುದರಲ್ಲಿ ನಷ್ಟವಿಲ್ಲ.

ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆಗೆ ಎಳೆದರೆ ಒಂದು ಬದಿಯ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಪ್ಯಾಡಿಗೆ ಎಣ್ಣೆ ಗ್ರೀಸು ತಾಗಿದೆ. ಪೆಡಲ್ ಕಾಲಿನಡಿ ತಾಳ ಹಾಕಿದಂತೆ ಅದುರಿದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಆಗಿ ಉಳಿದಿಲ್ಲ. ತೆಳ್ಳಗಿನ ಕೀರಲು ದನಿ ಬಂದರೆ ಪ್ಯಾಡು ಮುಗಿಯುತ್ತ ಬಂದಿದೆ. ಅನೇಕ ಪ್ಯಾಡುಗಳಲ್ಲಿ ಹೀಗೆ ಕಿರುಚಲೆಂದೇ ಒಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರಕರ ಸದ್ದು ಬಂದರೆ ಪ್ಯಾಡು ಮುಗಿದೇ ಹೋಗಿ ಅದರ ಬೆನ್ನಿನ ತಗಡು ಡಿಸ್ಕನ್ನು ಕೊರೆಯುತ್ತಿದೆ. ಆಗ ಗಾಡಿ ನಿಲ್ಲಿಸಬೇಕು. ‘ಇನ್ನೊಂದ್ ವಾರ ನೋಡೋಣ’ ಎನ್ನುವವರು ಆ ವಾರದ ಕೊನೆಗೆ ಪ್ಯಾಡಿನ ಜೊತೆ ಡಿಸ್ಕಿನ ಬೆಲೆಯನ್ನೂ ತೆರುತ್ತಾರೆ.

ಈಗ ಘಾಟಿಯ ಮಾತು. ಬ್ರೇಕಿನ ಕೆಲಸವೆಂದರೆ ಕಾರಿನ ಚಲನೆಯನ್ನು ಶಾಖ ಮಾಡುವುದು, ಅಷ್ಟೆ. ಒಂದು ಟನ್ ತೂಕದ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಸುಮಾರು ಎರಡೂವರೆ ಲಕ್ಷ ಜೂಲ್. ಅದೇ ಕಾರು ಬರೀ ಬ್ರೇಕಿನ ಮೇಲೆ 500 ಮೀಟರ್ ಎತ್ತರದ ಘಾಟಿ ಇಳಿದರೆ ಸುಮಾರು 49 ಲಕ್ಷ ಜೂಲ್. ಅಂದರೆ ಇಪ್ಪತ್ತು ಸಲ 80ರ ವೇಗದಿಂದ ನಿಲ್ಲಿಸಿದಷ್ಟು. ಒಂದು ಕೊಡ ನೀರನ್ನು, ಸುಮಾರು 15 ಲೀಟರ್, ಒಲೆಯ ಮೇಲಿಟ್ಟು ಕುದಿ ಬರಿಸುವಷ್ಟು ಶಾಖ ಅದು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ತವರಿನಿಂದ ಹೊತ್ತು ತಂದ ತೆಂಗಿನಕಾಯಿ ಮೂಟೆ ಇದ್ದರೆ ಲೆಕ್ಕ ಇನ್ನೂ ಏರುತ್ತದೆ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಗಾಳಿಗೆ ಮೈಯೊಡ್ಡಿ ತಣಿಯುವಷ್ಟು ವೇಗವೂ ಡಿಸ್ಕಿಗೆ ಸಿಗುವುದಿಲ್ಲ.

ಈ ಶಾಖ ಎರಡು ಬಗೆಯಲ್ಲಿ ಬ್ರೇಕನ್ನು ಕೊಲ್ಲುತ್ತದೆ. ಮೊದಲನೆಯದರಲ್ಲಿ ಪ್ಯಾಡು ಮಿತಿಮೀರಿ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಹೆಚ್ಚು ಕಪಟಿ. ನಾವೆಲ್ಲ ಬ್ರೇಕ್ ಆಯಿಲ್ ಎನ್ನುವ ದ್ರವದಲ್ಲಿ ಸಾಮಾನ್ಯವಾಗಿ ಎಣ್ಣೆಯ ಅಂಶವಿಲ್ಲ. ಅದು ಗ್ಲೈಕಾಲ್ ಜಾತಿಯ ರಾಸಾಯನಿಕ, ಗಾಳಿಯಲ್ಲಿನ ತೇವ ಹೀರುವುದು ಅದರ ಗುಣ. ಮುಚ್ಚಿದ ವ್ಯವಸ್ಥೆಯಾದರೂ ರಬ್ಬರ್ ಹೋಸುಗಳ ಮೂಲಕ ತೇವ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಬಯಲುಸೀಮೆಯ ಒಣ ಹವೆಯಲ್ಲೇ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುವ ಆಗುಂಬೆಯ ಆಸುಪಾಸಿನವರು, ಉಪ್ಪುಗಾಳಿಯ ಕರಾವಳಿಯವರು ಇದನ್ನು ಎರಡು ಸಲ ಓದಿಕೊಳ್ಳಲಿ. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮನೆಗಳಲ್ಲೂ ಬ್ರೇಕಿನ ದ್ರವ ಕಾರಿನ ಜೊತೆ ಬಂದದ್ದೇ ಹಾಗೇ ಇರುತ್ತದೆ. ‘ಲೆವೆಲ್ ಸರಿ ಇದೆಯಲ್ಲ’ ಎಂಬ ಸಮಾಧಾನ ಬೇರೆ. ಲೆವೆಲ್ ನೋಡಿದರೆ ತೇವ ಕಾಣುವುದಿಲ್ಲ. ಹೊಸದರ ತಿಳಿ ಹಳದಿ ಹೋಗಿ ಕಷಾಯದ ಬಣ್ಣ ಬಂದಿದ್ದರೆ ಮಾತ್ರ ಕಣ್ಣಿಗೂ ಗೊತ್ತಾಗುತ್ತದೆ.

ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ತಳ ಮುಟ್ಟುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಚಾರ್ಮಾಡಿ ಇಳಿಯುವಾಗ ಮಳೆಗಾಲದ ಜಲಪಾತ ಕಂಡೊಡನೆ ಫೋಟೋಕ್ಕೆಂದು ನಿಲ್ಲಿಸುತ್ತಾರಲ್ಲ, ಅಪಾಯ ಇರುವುದು ಅಲ್ಲಿ. ಓಡುವಾಗ ಬೀಸುತ್ತಿದ್ದ ಗಾಳಿ ನಿಂತುಹೋಗಿ ಡಿಸ್ಕಿನ ಶಾಖವೆಲ್ಲ ಕ್ಯಾಲಿಪರ್ ಮೂಲಕ ದ್ರವಕ್ಕೆ ಇಳಿಯುತ್ತದೆ. ನಿಂತ ಕಾರಿನಲ್ಲೇ ದ್ರವ ಕುದಿಯುತ್ತದೆ. ಹತ್ತು ನಿಮಿಷ ಬಿಟ್ಟು ಹೊರಟು ಮುಂದಿನ ತಿರುವಿನಲ್ಲಿ ತುಳಿದರೆ ಪೆಡಲ್ ಕೆಳಗೆ ಹೋಗಿ ಕೂರುತ್ತದೆ. ಗಂಟೆ ಕಳೆದು ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೊದಲಿನಂತೆ ಗಟ್ಟಿ! ಕೊಟ್ಟಿಗೆಹಾರದಲ್ಲೋ ಉಜಿರೆಯಲ್ಲೋ ಮೆಕ್ಯಾನಿಕ್‌ಗೆ ತೋರಿಸಿದರೆ ದೋಷವೇ ಸಿಗದು. ಇಂಥ ಕಾರಿಗೆ ಬೇಕಾದದ್ದು ಹೊಸ ದ್ರವ. ಹೊಸ ಪ್ಯಾಡು ಹಾಕಿಸಿ ಸಮಾಧಾನ ಪಟ್ಟುಕೊಂಡರೆ ಮುಂದಿನ ಘಾಟಿಯಲ್ಲಿ ಕಥೆ ಮರುಕಳಿಸುತ್ತದೆ.

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಬಸ್ ಚಾಲಕರ ಹಳೇ ಪಾಠ. ಎಂಜಿನ್ನೇ ಕಾರನ್ನು ಹಿಡಿದುಕೊಂಡರೆ ಬ್ರೇಕಿಗೆ ಬೀಳುವ ಶಾಖ ಬಹಳಷ್ಟು ಇಳಿಯುತ್ತದೆ. ಇದನ್ನು ಬಿಟ್ಟು ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಕೆಲವರಂತೂ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಜಾರಬಿಡುತ್ತಾರೆ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಬ್ರೇಕಿಗೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಉಳಿಸಿದ್ದು ಕಾಲು ಲೀಟರ್ ಪೆಟ್ರೋಲೂ ಇರುವುದಿಲ್ಲ. ಅಲ್ಲದೆ ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ಕಡಿದುಹಾಕುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಸಿಕೊಂಡು ಇಳಿಯುವವನೇ ಹೆಚ್ಚು ಖರ್ಚು ಮಾಡುತ್ತಾನೆ.

ಇಷ್ಟೆಲ್ಲ ಆಗಿಯೂ ದಾರಿಯಲ್ಲಿ ಪೆಡಲ್ ತಳಕ್ಕೆ ಹೋಯಿತು ಎನ್ನಿ. ಬೇಗ ಬೇಗ ಪಂಪ್ ಮಾಡಿ, ಗೇರನ್ನು ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಹಿಡಿದು ಬಿಟ್ಟುಬಿಟ್ಟು ಎಳೆಯಿರಿ. ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಅಡ್ಡ ತಿರುಗಿಬಿಡಬಹುದು. ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಬೇಡಿ. ಇಂದಿನ ಕಾರುಗಳಲ್ಲಿ ಬ್ರೇಕಿನ ಪೈಪು ಎರಡು ಪ್ರತ್ಯೇಕ ಸಾಲುಗಳಲ್ಲಿರುವುದರಿಂದ ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಪೆಡಲ್ ಬಹಳ ಆಳಕ್ಕೆ ಹೋಗಿ ಅಲ್ಲಿ ಅರೆಬರೆ ಹಿಡಿತ ಸಿಗುವುದು ಈ ಎರಡನೇ ಸಾಲಿನದು. ಅದನ್ನು ನಂಬಿ ಊರು ಸೇರಲು ಹೊರಡಬಾರದು, ರಸ್ತೆ ಬದಿ ಸೇರಲು ಮಾತ್ರ ಅದಿರುವುದು.

ಇನ್ನು ಅಂಗಳಕ್ಕೆ ಬರೋಣ. ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದದ್ದು ಮುಂದಿನ ಪ್ಯಾಡು ಬದಲಿಸುವ ಕೆಲಸ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ದಪ್ಪವಿರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು. ಅಲಾಯ್ ಚಕ್ರವಾದರೆ ಸಂದಿನಿಂದ ಟಾರ್ಚ್ ಬಿಟ್ಟೇ ನೋಡಬಹುದು. ಆದರೆ ಹೊರಗಿನ ಪ್ಯಾಡು ಕಂಡಷ್ಟು ಸುಲಭವಾಗಿ ಒಳಗಿನದು ಕಾಣದು, ಮೊದಲು ಸವೆಯುವುದೂ ಹೆಚ್ಚಾಗಿ ಅದೇ.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಜ್ಯಾಕ್ ಏರಿಸುವ ಮೊದಲೇ ಸಡಿಲಿಸಬೇಕು, ಬಿಚ್ಚಬಾರದು. ಜ್ಯಾಕ್ ಕಾರನ್ನು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಕಾರು ಸ್ಟ್ಯಾಂಡಿನ ಮೇಲೆ ಕೂರಬೇಕು. ಸ್ಟ್ಯಾಂಡ್ ಇಲ್ಲವೆಂದು ಸಿಮೆಂಟ್ ಬ್ಲಾಕನ್ನೋ ಕೆಂಪುಕಲ್ಲನ್ನೋ ಇಡುವ ರೂಢಿ ನಮ್ಮಲ್ಲಿದೆ. ಅವು ಭಾರಕ್ಕೆ ಮೆಲ್ಲನೆ ಬಾಗುವ ಜಾತಿಯಲ್ಲ, ಒಮ್ಮೆಗೇ ಸೀಳಿ ಪುಡಿಯಾಗುವ ಜಾತಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿ ಮಲಗಿಸುವ ಹಳೇ ಮೆಕ್ಯಾನಿಕ್‌ಗಳ ಅಭ್ಯಾಸ ಒಳ್ಳೆಯದು, ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ನಿಲ್ಲುತ್ತದೆ. ಎರಡು ಸ್ಟ್ಯಾಂಡಿನ ಬೆಲೆ ಕೊಡಲು ಮನಸ್ಸಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ. ನನ್ನ ಈ ಮಾತು ಕಟುವಾಯಿತು ಎನ್ನಿಸಿದರೆ ಎನ್ನಿಸಲಿ.

ಕ್ಯಾಲಿಪರನ್ನು ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಕೆಳಗಿನದನ್ನು ತೆಗೆದು ಮೇಲಕ್ಕೆ ಮಗುಚಿದರೆ ಅನೇಕ ಕಾರುಗಳಲ್ಲಿ ಪ್ಯಾಡು ಕೈಗೆ ಬರುತ್ತದೆ. ಎರಡೂ ಬಿಚ್ಚಬೇಕಾಗಿ ಬಂದರೆ ಕ್ಯಾಲಿಪರನ್ನು ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಿ. ರಬ್ಬರ್ ಹೋಸಿನಲ್ಲಿ ಜೋತಾಡಿಸಿದರೆ ಹೋಸು ಒಳಗೇ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ಹೊಸ ಪ್ಯಾಡು ದಪ್ಪವಾದ್ದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಬೇಕು. ಬಡಗಿಗಳು ಬಳಸುವ ಸಿ ಕ್ಲಾಂಪ್ ಸಾಕು, ಹಳೇ ಪ್ಯಾಡನ್ನು ಅಡ್ಡ ಇಟ್ಟು ಮೆಲ್ಲಗೆ ತಿರುಗಿಸಿ. ತಳ್ಳುತ್ತಿದ್ದಂತೆ ದ್ರವ ಬಾನೆಟ್ಟಿನೊಳಗೆ ಅದನ್ನು ತುಂಬುವ ಡಬ್ಬಿಗೆ ವಾಪಸ್ ಏರುತ್ತದೆ. ಪ್ಯಾಡು ಸವೆದಂತೆಲ್ಲ ಡಬ್ಬಿಯ ಮಟ್ಟ ಇಳಿಯುವುದು ಸಹಜ. ಅದು ತಿಳಿಯದೆ ನಡುವೆ ಯಾರೋ ತುಂಬಿಸಿಟ್ಟಿದ್ದರೆ ಈಗ ಉಕ್ಕಿ ಬಣ್ಣದ ಮೇಲೆ ಚೆಲ್ಲುತ್ತದೆ. ಈ ದ್ರವ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಬಟ್ಟೆಯಿಂದ ಉಜ್ಜಬೇಡಿ.

ಕ್ಯಾಲಿಪರ್ ಆಚೀಚೆ ಸರಿದಾಡುವ ಎರಡು ಪಿನ್ನುಗಳಿವೆ. ಪ್ಯಾಡು ಬದಲಿಸುವ ಹತ್ತು ಜನರಲ್ಲಿ ಒಂಬತ್ತು ಮಂದಿ ಅವನ್ನು ಮುಟ್ಟುವುದಿಲ್ಲ, ಗ್ಯಾರೇಜಿನವರೂ ಸೇರಿ. ಮಳೆನೀರು ಕೆಸರು ಸೇರಿ ಪಿನ್ನು ತುಕ್ಕು ಹಿಡಿದರೆ ಕ್ಯಾಲಿಪರ್ ಸರಿಯದೆ ಒಂದೇ ಪ್ಯಾಡು ಕೆಲಸ ಮಾಡುತ್ತದೆ. ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಿ. ಆ ಗ್ರೀಸ್ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸೇ ಆಗಿರಬೇಕು. ಬೇರಿಂಗಿನ ಹಳದಿ ಗ್ರೀಸ್ ಹಚ್ಚಿದರೆ ಅದರ ಪೆಟ್ರೋಲಿಯಂ ಅಂಶಕ್ಕೆ ಅಲ್ಲಿನ ರಬ್ಬರ್ ಊದಿಕೊಂಡು ಪಿನ್ನು ಇನ್ನಷ್ಟು ಬಿಗಿಯಾಗುತ್ತದೆ. ಡಬ್ಬಿಯ ವಿಷಯದಲ್ಲೂ ಇದೇ ಮಾತು. ದ್ರವ ಕಡಿಮೆಯಾಯಿತೆಂದು ಎಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಎರಡು ಹನಿ ಹಾಕಿದರೂ ಮಾಸ್ಟರ್ ಸಿಲಿಂಡರಿನಿಂದ ಚಕ್ರದ ತನಕ ಪ್ರತಿಯೊಂದು ಸೀಲೂ ಊದಿ ಹಾಳಾಗುತ್ತದೆ. ಆಮೇಲೆ ತೊಳೆದು ಪ್ರಯೋಜನವಿಲ್ಲ, ಎಲ್ಲವನ್ನೂ ಬದಲಿಸಬೇಕು.

ಪ್ಯಾಡು ಯಾವಾಗಲೂ ಎರಡೂ ಬದಿಗೆ ಒಟ್ಟಿಗೆ. ಎಲ್ಲ ಜೋಡಿಸಿ, ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರು ಬಿಗಿದ ಮೇಲೆ ಮಾಡಲೇಬೇಕಾದ ಒಂದು ಕೆಲಸವಿದೆ. ಕಾರನ್ನು ಒಂದಿಂಚೂ ಕದಲಿಸುವ ಮೊದಲು ಪೆಡಲ್ ಪಂಪ್ ಮಾಡಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡನ್ನು ಮುಟ್ಟಿರುವುದಿಲ್ಲ. ಮೊದಲ ಕೆಲವು ತುಳಿತಕ್ಕೆ ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದವರು ಗೇಟು, ತುಳಸಿಕಟ್ಟೆ, ಪಕ್ಕದ ಮನೆಯ ಸ್ಕೂಟರು ಹೀಗೆ ಸಿಕ್ಕಿದ್ದಕ್ಕೆ ಗುದ್ದುತ್ತಾರೆ. ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಡಬ್ಬಿಯ ಮಟ್ಟ ನೋಡಿ, ಆಮೇಲೆ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಎರಡು ಮೂರು ಸಲ ನಿಲ್ಲಿಸಿ ನೋಡಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತಾರು ಸಲ ಇಳಿಸಬೇಕು. ಮೊದಲ ಕೆಲವು ದಿನ ಮುಂದಿನ ಗಾಡಿಯಿಂದ ದೂರವಿರಿ, ಹಿಡಿತ ಪೂರ್ತಿ ಬಂದಿರುವುದಿಲ್ಲ.

ದ್ರವ ಬದಲಿಸಿ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಚಕ್ರದ ಪಕ್ಕ. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ‘ಒತ್ತು’ ಎಂದಾಗ ಸೀಟಿನಲ್ಲಿದ್ದವರು ಒತ್ತಿ ಹಿಡಿಯಬೇಕು. ನಿಪ್ಪಲ್ ಸಡಿಲಿಸಿದರೆ ಗುಳ್ಳೆ ಸಮೇತ ದ್ರವ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ‘ಬಿಡು’ ಎನ್ನಬೇಕು. ಅದಕ್ಕೂ ಮೊದಲೇ ಕಾಲೆತ್ತಿದರೆ ಹೊರಗಿನ ಗಾಳಿ ಒಳಗೆ ಹೋಗಿ ಕೆಲಸ ಮೊದಲಿನಿಂದ. ಗಂಡ ಹೆಂಡತಿ ಸೇರಿ ಈ ಕೆಲಸ ಮಾಡುವ ಮನೆಗಳಲ್ಲಿ ‘ನಾನು ಬಿಡು ಅಂದ್ನಾ?’ ‘ಅಂದ್ರಿ, ನಂಗೆ ಕೇಳ್ಸಿತು’ ಎಂಬ ಮಾತುಕತೆ ಬೀದಿಗೂ ಕೇಳುತ್ತದೆ. ಡಬ್ಬಿ ಬರಿದಾಗದಂತೆ ನಡುನಡುವೆ ತುಂಬಿಸುತ್ತಿರಬೇಕು. ಬಳಸುವ ದ್ರವ ಸೀಲು ಒಡೆಯದ ಹೊಸ ಬಾಟಲಿಯದೇ ಆಗಿರಬೇಕು. ಕಳೆದ ವರ್ಷ ಮಿಕ್ಕಿದ್ದನ್ನು ಶೆಡ್ಡಿನಲ್ಲಿಟ್ಟಿದ್ದರೆ ಅದು ಆಗಲೇ ಮಳೆಗಾಲ ಕುಡಿದು ಕೂತಿದೆ. ಯಾವ ಚಕ್ರದಿಂದ ಶುರು ಮಾಡಬೇಕು, ಡಾಟ್ 3 ಬೇಕೋ 4 ಬೇಕೋ ಎಂಬುದು ಕಾರಿನ ಕೈಪಿಡಿಯಲ್ಲಿ, ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ದ್ರವ, ಇವುಗಳ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಬೇರೆಯದೇ, ಅದು ಗ್ಲೈಕಾಲ್. ಹೆಸರಿಟ್ಟವರಿಗೆ ಏನನ್ನಬೇಕೋ!

ಹಿಂದಿನ ಡ್ರಮ್ಮಿಗೆ ಬಂದರೆ ಮನೆ ಮೆಕ್ಯಾನಿಕ್ ಸುಸ್ತಾಗುವುದು ಡ್ರಮ್ ಕಳಚುವಲ್ಲೇ. ತುಕ್ಕಿಗೆ ಕಚ್ಚಿಕೊಂಡ ಡ್ರಮ್ಮನ್ನು ಸುತ್ತಿಗೆಯಿಂದ ಬಡಿಯುವ ಮೊದಲು ಅದರ ಮುಖದ ಮೇಲೆ ಥ್ರೆಡ್ ಇರುವ ಎರಡು ಸಣ್ಣ ತೂತು ನೋಡಿ. ಅನೇಕ ಕಾರುಗಳಲ್ಲಿ ಎಂಟು ಮಿ.ಮೀ. ಬೋಲ್ಟುಗಳನ್ನು ಅಲ್ಲಿ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ಸ್ಪ್ರಿಂಗುಗಳ ಜೋಡಣೆ ಬಿಚ್ಚಿದ ಮೇಲೆ ನೆನಪಿರುವುದಿಲ್ಲ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಬೇಕು, ನೋಡಿ ಕಾಪಿ ಹೊಡೆಯಲು ಆಗುತ್ತದೆ. ಡ್ರಮ್ಮಿನೊಳಗೆ ಸೇರಿರುವ ಕಪ್ಪು ಪುಡಿಯನ್ನು ಬಾಯಿಂದ ಊದಬಾರದು, ಗ್ಯಾರೇಜುಗಳಲ್ಲಿ ಮಾಡುವಂತೆ ಏರ್ ಹಿಡಿದು ಹಾರಿಸಲೂ ಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಬಳಕೆ ಇನ್ನೂ ಪೂರ್ತಿ ನಿಷೇಧವಾಗಿಲ್ಲ. ಅಗ್ಗದ ಶೂಗಳಲ್ಲಿ ಏನಿದೆಯೋ ನೋಡಿದರೆ ಗೊತ್ತಾಗದು. ಶ್ವಾಸಕೋಶಕ್ಕೆ ಹೊಕ್ಕ ಕಲ್ನಾರಿನ ಎಳೆ ದಶಕಗಳ ಬಳಿಕ ಕಾಯಿಲೆಯಾಗಿ ಎದ್ದು ಬರುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡಿ.

ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಕಾರು ನಿಲ್ಲಿಸಿದರೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಊರಿಗೆ ಹೋಗುವವರು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಹೋಗುವುದು ಲೇಸು.

ಮನೆಯಲ್ಲಿ ಮುಟ್ಟಬಾರದ್ದು ಯಾವುದು? ತುಕ್ಕು ತಿಂದ ಉಕ್ಕಿನ ಪೈಪು ಮೊದಲನೆಯದು. ಅದಕ್ಕೆ ಎಂಸೀಲ್ ಮೆತ್ತುವುದು, ರಬ್ಬರ್ ತುಂಡು ಕಟ್ಟುವುದು ಜೀವದ ಜೊತೆ ಆಟ. ಜೋರಾಗಿ ತುಳಿದಾಗ ಅಲ್ಲಿನ ಒತ್ತಡ ಟೈರಿನ ಗಾಳಿಯ ಹತ್ತಾರು ಪಟ್ಟು. ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಸೀಲುಗಳ ಕಿಟ್ ಹಾಕುವ ಕಾಲವೂ ಮುಗಿಯಿತು, ಒಳಗೆ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಮಾರಾಟವಾಗುವ ಕಾರುಗಳಿಗೆಲ್ಲ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ಅದರ ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ಬಾಟಲಿ ಪೈಪಿನ ವಿದ್ಯೆ ನಡೆಯದು, ಸ್ಕ್ಯಾನರ್ ಹಚ್ಚಿ ಅದರ ಪಂಪನ್ನು ಓಡಿಸಬೇಕು. ಹ್ಯಾಂಡ್‌ಬ್ರೇಕಿನ ಬದಲು ಗುಂಡಿ ಒತ್ತುವ ಕಾರುಗಳಲ್ಲಿ ಹಿಂದಿನ ಪ್ಯಾಡನ್ನೂ ಸುಮ್ಮನೆ ಬದಲಿಸುವಂತಿಲ್ಲ. ಮೊದಲು ಸರ್ವಿಸ್ ಮೋಡಿಗೆ ಹಾಕದೆ ಕ್ಲಾಂಪಿನಿಂದ ತಳ್ಳಿದರೆ ಒಳಗಿನ ಮೋಟಾರಿನ ಗೇರು ಮುರಿಯಬಹುದು. ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಉರಿಯುತ್ತಿದ್ದರೆ ಕಾರನ್ನು ತಾವೇ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವುದು ಬೇಡ, ಮೆಕ್ಯಾನಿಕ್‌ನನ್ನೇ ಕರೆಸಿ. ದೋಷವಿದೆ ಎಂದು ಗೊತ್ತಿದ್ದೂ ಅಪಾಯಕಾರಿ ಸ್ಥಿತಿಯ ಗಾಡಿ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧ.

ಬಿಡಿಭಾಗಕ್ಕೆ ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಅಲ್ಲಿ ಸಿಗದ್ದಿಲ್ಲ, ಅಸಲಿನ ಪಕ್ಕದಲ್ಲೇ ನಕಲಿಯೂ ಸಿಗುತ್ತದೆ. ಸೀಟ್ ಕವರಿನಲ್ಲಿ ಎಷ್ಟಾದರೂ ಚೌಕಾಸಿ ಮಾಡಿ, ಪ್ಯಾಡಿನಲ್ಲಿ ಬೇಡ. ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಲೇಬೇಡಿ.

ಗ್ಯಾರೇಜಿಗೇ ಕೊಡುವುದೆಂದು ತೀರ್ಮಾನಿಸಿದವರಿಗೂ ಒಂದು ಕೆಲಸವಿದೆ. ‘ಬ್ರೇಕ್ ಸರಿ ಇಲ್ಲ, ನೋಡಿ’ ಎನ್ನಬೇಡಿ. ಘಾಟಿ ಇಳಿದು ನಿಲ್ಲಿಸಿ ಹೊರಟ ಮೇಲೆ ಪೆಡಲ್ ಆಳಕ್ಕೆ ಹೋಯಿತು, ತಣಿದ ಮೇಲೆ ಸರಿಯಾಯಿತು ಎಂದು ಹೇಳಿ. ಸಿಗ್ನಲ್‌ನಲ್ಲಿ ಮೆಲ್ಲಗೆ ಒತ್ತಿದಾಗ ಜಾರುತ್ತದೆ ಎಂದು ಹೇಳಿ. ಅರ್ಧ ದಿನದ ಹುಡುಕಾಟ ಅಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ತೆಗೆದ ಹಳೇ ಪ್ಯಾಡುಗಳನ್ನು ಕೇಳಿ ತೆಗೆದುಕೊಂಡು ಜೋಡಿಸಿ ನೋಡಿ. ಒಂದು ಚಕ್ರದ ಎರಡು ಪ್ಯಾಡುಗಳಲ್ಲಿ ಒಂದು ತೆಳ್ಳಗಾಗಿ ಇನ್ನೊಂದು ದಪ್ಪಗೇ ಉಳಿದಿದ್ದರೆ ಪಿನ್ನು ಸಿಕ್ಕಿಹಾಕಿಕೊಂಡಿತ್ತು ಎಂದೇ ಲೆಕ್ಕ. ಅದನ್ನು ಬಿಚ್ಚಿ ಗ್ರೀಸ್ ಹಾಕಿದಿರಾ ಎಂದು ಕೇಳಿ, ದುಡ್ಡು ಕೊಡುವ ಮೊದಲೇ.